ಓದುಗರ ಪ್ರಶ್ನೆ: ಫಿರಂಗಿ ದಳದ ಬಾವುಟ, ಬ್ಯಾಟರಿಯ ಹೆಸರು

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕಾಳಗದ ಬಗ್ಗೆ ಓದುತ್ತಿದ್ದೇನೆ. ಒಂದು ಕಡೆ ‘1ನೇ ನ್ಯೂಯಾರ್ಕ್, ಬ್ಯಾಟರಿ ಬಿ’ ಎಂದಿದೆ, ಇನ್ನೊಂದು ಕಡೆ ‘1ನೇ ನ್ಯೂಯಾರ್ಕ್ ಬ್ಯಾಟರಿ’ ಎಂದಿದೆ. ಎರಡೂ ಒಂದೇನಾ? (ಶಿವಮೊಗ್ಗ)

ಉತ್ತರ: ಬೇರೆ ಬೇರೆ. ಬ್ಯಾಟರಿ ಎಂದರೆ ಒಬ್ಬ ಕ್ಯಾಪ್ಟನ್ನನ ಕೈಕೆಳಗಿನ ನಾಲ್ಕಾರು ಫಿರಂಗಿಗಳ ದಳ. ಹೆಸರಿನಲ್ಲಿ ಅಕ್ಷರ ಇದೆಯೋ ಇಲ್ಲವೋ ಎಂದು ಮೊದಲು ನೋಡಿ. ಅಕ್ಷರ ಇದ್ದರೆ ಅದು ಒಂದು ರೆಜಿಮೆಂಟಿನ ಭಾಗ. ‘ಬ್ಯಾಟರಿ ಬಿ’ ಎಂದರೆ 1ನೇ ನ್ಯೂಯಾರ್ಕ್ ಲೈಟ್ ಆರ್ಟಿಲರಿ ರೆಜಿಮೆಂಟಿನದು. ಬರೀ ಸಂಖ್ಯೆ ಇದ್ದರೆ ಯಾವ ರೆಜಿಮೆಂಟಿಗೂ ಸೇರದ ಸ್ವತಂತ್ರ ಬ್ಯಾಟರಿ. ನಿಮ್ಮ ಗೊಂದಲಕ್ಕೆ ಕಾರಣವೂ ಇದೆ: 1863ರ ಜುಲೈ 3ರಂದು ಸೆಮೆಟರಿ ರಿಡ್ಜ್ ದಿಬ್ಬದ ಮೇಲೆ ಎರಡೂ ಇದ್ದವು. ‘ಬಿ’ ಬ್ಯಾಟರಿ ಕ್ಯಾಪ್ಟನ್ ರಾರ್ಟಿಯದು, ಅವರು ಅಂದೇ ಸತ್ತರು. ಸ್ವತಂತ್ರ ಬ್ಯಾಟರಿ ಕ್ಯಾಪ್ಟನ್ ಕೋವನ್ ಅವರದು, ಅದರಲ್ಲಿ 3 ಇಂಚಿನ ಆರು ಆರ್ಡ್‌ನೆನ್ಸ್ ರೈಫಲ್ ಫಿರಂಗಿಗಳಿದ್ದವು. ಹಾಗಾಗಿ ಓದುವಾಗ ತಾರೀಖು, ಕ್ಯಾಪ್ಟನ್ ಹೆಸರು, ಫಿರಂಗಿಯ ಜಾತಿ, ಈ ಮೂರನ್ನೂ ಒಟ್ಟಿಗೆ ಗುರುತು ಹಾಕಿಕೊಳ್ಳಿ. ಸಂಖ್ಯೆಯೊಂದನ್ನೇ ನಂಬಿದರೆ ಎಡವುತ್ತೀರಿ.

‘4ನೇ ಯು.ಎಸ್., ಬ್ಯಾಟರಿ ಎ’ ಎಂಬಂಥವು ಮೂರನೆಯ ಬಗೆ. ರಾಜ್ಯದ ಹೆಸರಿನ ಜಾಗದಲ್ಲಿ ‘ಯು.ಎಸ್.’ ಇದ್ದರೆ ಕಾಯಂ ಸೇನೆಯದು ಎಂದು ತಿಳಿಯಿರಿ. ಆ ರೆಜಿಮೆಂಟುಗಳ ಬ್ಯಾಟರಿಗಳು ‘ಎ’ಯಿಂದ ‘ಎಂ’ವರೆಗೆ ಹನ್ನೆರಡು. ‘ಜೆ’ ಇಲ್ಲ, ಕೈಬರಹದಲ್ಲಿ ‘ಐ’ ಜೊತೆ ಕಲೆಸಿಹೋಗುತ್ತದೆ ಎಂದು ಅದನ್ನು ಬಿಟ್ಟಿದ್ದರು. ಯಾವುದಾದರೂ ಪಟ್ಟಿಯಲ್ಲಿ ‘ಬ್ಯಾಟರಿ ಜೆ’ ಕಂಡರೆ ಬೆರಳಚ್ಚಿನ ತಪ್ಪು ಎಂದೇ ಮೊದಲು ಅನುಮಾನಿಸಿ.

ಪ್ರಶ್ನೆ: ದಕ್ಷಿಣದವರ ಬ್ಯಾಟರಿಗಳ ಹೆಸರು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುವುದೇಕೆ? (ಧಾರವಾಡ)

ಉತ್ತರ: ಕಾನ್ಫೆಡರೇಟ್, ಅಂದರೆ ಅಂತರ್ಯುದ್ಧದಲ್ಲಿ ಬೇರ್ಪಟ್ಟ ದಕ್ಷಿಣದ ರಾಜ್ಯಗಳ, ಬ್ಯಾಟರಿಗೆ ಸಾಮಾನ್ಯವಾಗಿ ಎರಡು ಹೆಸರು. ಒಂದು ಊರಿನದೋ ಜಿಲ್ಲೆಯದೋ, ಇನ್ನೊಂದು ಕ್ಯಾಪ್ಟನ್ನನದು. ವರ್ಜೀನಿಯಾದ ರಾಕ್‌ಬ್ರಿಜ್ ಆರ್ಟಿಲರಿಯನ್ನೇ ನೋಡಿ. ಪೆಂಡಲ್‌ಟನ್, ಮೆಕ್‌ಲಾಕ್ಲಿನ್, ಪೋಗ್, ಗ್ರಹಾಂ ಒಬ್ಬರಾದ ಮೇಲೊಬ್ಬರು ಅದರ ಕ್ಯಾಪ್ಟನ್ನರಾದರು. ವರದಿ ಬರೆದವನು ‘ಪೋಗ್ ಬ್ಯಾಟರಿ’ ಎಂದರೂ ‘ಗ್ರಹಾಂ ಬ್ಯಾಟರಿ’ ಎಂದರೂ ದಳ ಅದೇ. ಸೂಚಿಯಲ್ಲಿ ಊರಿನ ಹೆಸರನ್ನೇ ಮುಖ್ಯವಾಗಿಟ್ಟುಕೊಂಡು, ಕ್ಯಾಪ್ಟನ್ನರ ಹೆಸರುಗಳನ್ನು ಅದರ ಕೆಳಗೆ ಸೇರಿಸಿಕೊಳ್ಳಿ. ಇದೇ ದಳದವರು ಆರಂಭದ ದಿನಗಳಲ್ಲಿ ತಮ್ಮ ನಾಲ್ಕು ಫಿರಂಗಿಗಳಿಗೆ ಮ್ಯಾಥ್ಯೂ, ಮಾರ್ಕ್, ಲೂಕ್, ಜಾನ್ ಎಂದು ಬೈಬಲ್ಲಿನ ಹೆಸರಿಟ್ಟಿದ್ದರು. ದಕ್ಷಿಣದವರ ಬ್ಯಾಟರಿಗೆ ನಾಲ್ಕೇ ಫಿರಂಗಿ ಇರುವುದು ಸಾಮಾನ್ಯ, ಉತ್ತರದವರಿಗೆ ಆರು.

ಪ್ರಶ್ನೆ: 1:32 ಅಳತೆಯಲ್ಲಿ ಗೆಟಿಸ್‌ಬರ್ಗ್‌ನ ಉತ್ತರದ ಬ್ಯಾಟರಿಯೊಂದರ ಮಾದರಿ ಮಾಡುತ್ತಿದ್ದೇನೆ. ಒಂದಕ್ಕೊಂದು ಅಡ್ಡವಾದ ಎರಡು ಫಿರಂಗಿಗಳ ಚಿತ್ರವಿರುವ ಹಳದಿ ಬಾವುಟ ಹಾಕಬಹುದೇ? (ಮಂಗಳೂರು)

ಉತ್ತರ: ಬೇಡ. ಹಳದಿ ರೇಷ್ಮೆಯ ಆ ಬಾವುಟ ರೆಜಿಮೆಂಟಿನದು. ನಿಯಮದ ಪ್ರಕಾರ ಉದ್ದ 6 ಅಡಿ 6 ಇಂಚು, ಕೋಲಿನ ಪಕ್ಕ 6 ಅಡಿ; ನಡುವೆ ಅಡ್ಡ ಫಿರಂಗಿ, ಮೇಲೆ ‘ಯು.ಎಸ್.’, ಕೆಳಗೆ ರೆಜಿಮೆಂಟಿನ ಸಂಖ್ಯೆ. ಆದರೆ ರೆಜಿಮೆಂಟಿನ ಬ್ಯಾಟರಿಗಳು ಬೇರೆ ಬೇರೆ ಸೇನೆಗಳಲ್ಲಿ ಹಂಚಿಹೋಗಿದ್ದವು, ಇಡೀ ರೆಜಿಮೆಂಟು ಒಟ್ಟಾಗಿ ಕಾದುವುದು ರೂಢಿಯಲ್ಲಿರಲಿಲ್ಲ. ಆರು ಫಿರಂಗಿಗಳ ನಡುವೆ ಅಷ್ಟು ದೊಡ್ಡ ಬಾವುಟ ನೆಟ್ಟ ಮಾದರಿಗಳು ನೋಡಲು ಚೆಂದ, ಅಷ್ಟೇ.

ನಿಮಗೆ ಬೇಕಾದದ್ದು ಗೈಡನ್. ತುದಿ ಹಾವಿನ ನಾಲಿಗೆಯಂತೆ ಸೀಳಿದ, ಕುದುರೆ ಸವಾರ ಹಿಡಿಯುವ ಚಿಕ್ಕ ಬಾವುಟ. ಮೊದಲು ಅದು ಮೇಲೆ ಕೆಂಪು, ಕೆಳಗೆ ಬಿಳಿ ಇತ್ತು. 1862ರ ಜನವರಿಯ ಆದೇಶದಿಂದ ರಾಷ್ಟ್ರಧ್ವಜದ ನಕ್ಷತ್ರ-ಪಟ್ಟೆ ಬಂತು. ಅಳತೆ: ಕೋಲಿನ ಪಕ್ಕ 27 ಇಂಚು, ಸೀಳಿನ ಆಳ 15 ಇಂಚು, ಕೋಲಿನಿಂದ ತುದಿಯವರೆಗೆ 41 ಇಂಚು, ಕೋಲು 9 ಅಡಿ. 1:32ಕ್ಕೆ ಇಳಿಸಿದರೆ ಕ್ರಮವಾಗಿ ಸುಮಾರು 21.4, 12, 32.5 ಮತ್ತು 86 ಮಿ.ಮೀ. ಪಟ್ಟೆ ಹದಿಮೂರು, ಒಂದೊಂದು 1.65 ಮಿ.ಮೀ. ಮಾತ್ರ. ಕುಂಚದಿಂದ ಎಳೆದರೆ ಐದನೇ ಪಟ್ಟೆಗೇ ಲೆಕ್ಕ ತಪ್ಪುತ್ತದೆ. ಪ್ರಿಂಟ್ ತೆಗೆಯುವುದು ಲೇಸು.

ಎರಡೂ ಮುಖಗಳನ್ನು ಒಂದೇ ತುಂಡು ತೆಳು ಕಾಗದದಲ್ಲಿ ಪಕ್ಕಪಕ್ಕ ಬರುವಂತೆ ಪ್ರಿಂಟ್ ಮಾಡಿ. ಒಂದು ಇನ್ನೊಂದರ ಕನ್ನಡಿಬಿಂಬವಾಗಿರಬೇಕು, ನೀಲಿ ಭಾಗ ಎರಡರಲ್ಲೂ ಕೋಲಿನ ಕಡೆಗೇ ಬರಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ಒಂದೇ ಚಿತ್ರವನ್ನು ಎರಡು ಸಲ ಅಂಟಿಸಿದರೆ ಹಿಂದಿನ ಮುಖದಲ್ಲಿ ನಕ್ಷತ್ರಗಳು ಸೀಳಿನ ಕಡೆ ಹೋಗಿಬಿಡುತ್ತವೆ. ನಡುವೆ 3 ಮಿ.ಮೀ. ಖಾಲಿ ಬಿಡಿ, 1 ಮಿ.ಮೀ. ಹಿತ್ತಾಳೆ ಕಡ್ಡಿಗೆ ಸುತ್ತಲು ಅಷ್ಟು ಬೇಕು. ನೀರು ಬೆರೆಸಿದ ಬಿಳಿ ಅಂಟು ಹಚ್ಚಿ ಮಡಚಿ, ಪೂರ್ತಿ ಒಣಗುವ ಮೊದಲೇ ಪೆನ್ಸಿಲ್ಲಿಗೆ ಓರೆಯಾಗಿ ಒತ್ತಿ ಅಲೆ ಕೊಡಿ. ಒಣಗಿದ ಮೇಲೆ ಬಗ್ಗಿಸಿದರೆ ಮಡಿಕೆಯಲ್ಲಿ ಬಣ್ಣ ಬಿರಿದು ಬಿಳಿ ಗೆರೆ ಏಳುತ್ತದೆ. ಇಂಕ್‌ಜೆಟ್ ಪ್ರಿಂಟ್ ಆದರೆ ಅಂಟು ತಾಗಿಸುವ ಮೊದಲು ಮ್ಯಾಟ್ ವಾರ್ನಿಷ್ ಸಿಂಪಡಿಸಿ, ಇಲ್ಲದಿದ್ದರೆ ಕೆಂಪು ಹರಡುತ್ತದೆ.

ನಕ್ಷತ್ರ ರಾಜ್ಯಕ್ಕೊಂದರಂತೆ 34 ಇರಲಿ, ಬಣ್ಣ ಹೊನ್ನಿನದು. ವೆಸ್ಟ್ ವರ್ಜೀನಿಯಾದ 35ನೆಯ ನಕ್ಷತ್ರ ಸೇರಿದ್ದು 1863ರ ಜುಲೈ 4ಕ್ಕೆ, ಅಂದರೆ ಕಾಳಗ ಮುಗಿದ ಮರುದಿನ. ಎದುರು ಪಕ್ಷವನ್ನೂ ಮಾಡುವುದಿದ್ದರೆ, ಉತ್ತರ ವರ್ಜೀನಿಯಾ ಸೇನೆಯ (ಹೆಸರಿನಲ್ಲಿ ‘ಉತ್ತರ’ ಇದ್ದರೂ ಇದು ದಕ್ಷಿಣದವರದು) ಚೌಕ ಬಾವುಟದಲ್ಲಿ ಕಾಲಾಳಿಗೆ 48 ಇಂಚು, ಫಿರಂಗಿ ದಳಕ್ಕೆ 36, ಅಶ್ವದಳಕ್ಕೆ 30 ಎಂಬ ಕಟ್ಟಳೆಯಿತ್ತು. ನಿಮ್ಮ ಅಳತೆಯಲ್ಲಿ ಫಿರಂಗಿ ದಳದ್ದು 28.6 ಮಿ.ಮೀ. ಚೌಕ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಕಾಲಾಳಿನದು, ಅಳೆದು ಕೊಳ್ಳಿ.

ಪ್ರಶ್ನೆ: ನಮ್ಮ ಸೇನೆಯಲ್ಲಿ ಫಿರಂಗಿ ರೆಜಿಮೆಂಟುಗಳಿಗೆ ಕಾಲಾಳಿನವರಂತೆ ಧ್ವಜ ಇಲ್ಲವಂತೆ, ನಿಜವೇ? (ಮಡಿಕೇರಿ)

ಉತ್ತರ: ನಿಜ. ಫಿರಂಗಿಗಳೇ ಅವರ ಧ್ವಜ. ಇದು ಬ್ರಿಟಿಷ್ ರಾಯಲ್ ಆರ್ಟಿಲರಿಯಿಂದ ಬಂದ ಸಂಪ್ರದಾಯ. ಕಾಲಾಳಿಗೆ ಧ್ವಜ ಕಳೆದುಕೊಳ್ಳುವುದು ಎಷ್ಟು ಅವಮಾನವೋ ಇವರಿಗೆ ಫಿರಂಗಿ ಶತ್ರುವಿನ ಕೈಸೇರುವುದು ಅಷ್ಟು. 1899ರ ಡಿಸೆಂಬರ್ 15ರಂದು ಬೋಅರ್ ಯುದ್ಧದಲ್ಲಿ, ದಕ್ಷಿಣ ಆಫ್ರಿಕಾದ ಕೊಲೆನ್ಸೊದಲ್ಲಿ ಬ್ರಿಟಿಷರ 14 ಮತ್ತು 66ನೇ ಬ್ಯಾಟರಿಗಳ ಹನ್ನೆರಡು ಫಿರಂಗಿಗಳು ಬಯಲಿನಲ್ಲಿ ಸಿಕ್ಕಿಬಿದ್ದವು. ಎಳೆದು ತರಲಾದದ್ದು ಎರಡನ್ನು ಮಾತ್ರ. ಆ ಯತ್ನದಲ್ಲೇ ಬ್ರಿಟಿಷ್ ಸೇನಾನಿ ಲಾರ್ಡ್ ರಾಬರ್ಟ್ಸ್ ಅವರ ಮಗ ಫ್ರೆಡರಿಕ್ ಗಾಯಗೊಂಡು ಸತ್ತು, ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಪಡೆದರು.

ಪ್ರಶ್ನೆ: 1935ರಲ್ಲಿ ಬೆಂಗಳೂರಿನಲ್ಲಿ ‘ಎ’ ಫೀಲ್ಡ್ ಬ್ರಿಗೇಡ್ ಕಟ್ಟಿದರು ಎನ್ನುತ್ತಾರೆ. ಒಂದೇ ಸಲಕ್ಕೆ ಇಡೀ ಬ್ರಿಗೇಡೇ? (ಬೆಂಗಳೂರು)

ಉತ್ತರ: ಆಗಿನ ಬ್ರಿಟಿಷ್ ಪದ್ಧತಿಯಲ್ಲಿ ಫಿರಂಗಿ ದಳದ ‘ಬ್ರಿಗೇಡ್’ ಎಂದರೆ ಲೆಫ್ಟಿನೆಂಟ್ ಕರ್ನಲ್ ಒಬ್ಬರ ಕೈಕೆಳಗಿನ ಕೆಲವು ಬ್ಯಾಟರಿಗಳು, ಅಷ್ಟೇ. ಕಾಲಾಳಿನ ಬ್ರಿಗೇಡಿನ ಲೆಕ್ಕ ಇಲ್ಲಿ ಹಾಕಬೇಡಿ. 1938ರಲ್ಲಿ ರಾಯಲ್ ಆರ್ಟಿಲರಿ ಇವಕ್ಕೆ ‘ರೆಜಿಮೆಂಟ್’ ಎಂದು ಹೆಸರು ಬದಲಿಸಿತು. ಅದಕ್ಕಿಂತ ಹಿಂದಿನ ಕಾಗದಪತ್ರದಲ್ಲಿ ಫಿರಂಗಿ ‘ಬ್ರಿಗೇಡ್’ ಕಂಡಲ್ಲೆಲ್ಲ ಇಂದಿನ ರೆಜಿಮೆಂಟ್ ಎಂದು ಓದಿಕೊಳ್ಳಿ.