ಲೆಕ್ಕ ಕೇಳುವ ಹಕ್ಕು ಯಾರದು?

ಪ್ರಿಯ ಬರಹಗಾರರೇ,

ವಿಶ್ವಸಂಸ್ಥೆಯ ಬಜೆಟ್ ಮತ್ತು ಮೇಲ್ವಿಚಾರಣೆಯ ಬಗ್ಗೆ ಅಭಿವೃದ್ಧಿಶೀಲ ರಾಷ್ಟ್ರಗಳ ನಿಲುವೇನು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ಇಂಥ ವಿಷಯವನ್ನು ಕೈಗೆತ್ತಿಕೊಳ್ಳುವವರು ತೀರ ವಿರಳ. ಎರಡು ಸಾಲಿನ ವಿಷಾದಪತ್ರ ಕಳುಹಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

‘ಶ್ರೀಮಂತ ದೇಶಗಳು ಸುಧಾರಣೆ ಬಯಸುತ್ತವೆ, ಬಡ ದೇಶಗಳು ಅದನ್ನು ತಡೆಯುತ್ತವೆ’ ಎಂದು ಶುರು ಮಾಡುತ್ತೀರಿ. ಕೊನೆಯ ಪುಟಕ್ಕೆ ಬರುವಾಗ ‘ಎರಡೂ ಕಡೆ ಸತ್ಯಾಂಶವಿದೆ’ ಎನ್ನುತ್ತೀರಿ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಾಯಿತು. ನಡುವಿನ ಎಂಟು ಪುಟಗಳಲ್ಲಿ ಒಂದು ಮತದಾನವಿಲ್ಲ, ಒಂದು ಇಸವಿಯಿಲ್ಲ, ಒಂದು ದೇಶದ ಹೆಸರಿಲ್ಲ.

ಮೂಲ ತಪ್ಪು ಆ ಮೊದಲ ವಾಕ್ಯದಲ್ಲೇ ಇದೆ. ವಿಶ್ವಸಂಸ್ಥೆಯಲ್ಲಿ ಅಭಿವೃದ್ಧಿಶೀಲ ರಾಷ್ಟ್ರಗಳ ಬಣವಾದ ಜಿ–77 ಗುಂಪಿನ ತಕರಾರು ಲೆಕ್ಕಪರಿಶೋಧನೆಯ ಬಗ್ಗೆ ಅಲ್ಲವೇ ಅಲ್ಲ. ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು ಎಂದು ಅದು ಕೇಳುತ್ತ ಬಂದಿದೆ. ವಿಶ್ವಸಂಸ್ಥೆಯ ಸನ್ನದಿನ 17ನೇ ವಿಧಿಯಂತೆ ಬಜೆಟ್ ಅನುಮೋದಿಸುವ ಅಧಿಕಾರ ಮಹಾಸಭೆಯದು. ಅಲ್ಲಿ ಪ್ರತಿ ದೇಶಕ್ಕೂ ಒಂದೇ ಮತ. ವಂತಿಗೆ ಮಾತ್ರ ಸಮನಲ್ಲ: ಗರಿಷ್ಠ ಶೇ 22, ಕನಿಷ್ಠ ಶೇ 0.001. ಹೆಚ್ಚು ಕೊಡುವವರು ಹೆಚ್ಚಿನ ಮಾತು ಬಯಸುತ್ತಾರೆ. ಕಡಿಮೆ ಕೊಡುವವರು, ‘ನಮ್ಮ ಶಕ್ತಿಗೆ ತಕ್ಕ ಪಾಲನ್ನು ಪೂರ್ತಿ ಕೊಟ್ಟ ಮೇಲೆ ನಮ್ಮ ಮತದ ತೂಕ ಕಡಿಮೆಯಾಗುವುದು ಹೇಗೆ?’ ಎಂದು ಕೇಳುತ್ತಾರೆ. ನಿಮ್ಮ ಲೇಖನದ ಬೆನ್ನೆಲುಬು ಇದಾಗಬೇಕಿತ್ತು.

1985ರಲ್ಲಿ ಅಮೆರಿಕದ ಸಂಸತ್ತು, ಬಜೆಟ್ ವಿಷಯದಲ್ಲಿ ವಂತಿಗೆಗೆ ತಕ್ಕ ಮತಬಲ ಸಿಗದಿದ್ದರೆ ಶೇ 20ಕ್ಕಿಂತ ಹೆಚ್ಚು ಕೊಡಬಾರದೆಂದು ಕಾನೂನು ಮಾಡಿತು. ಆಗ ಅದರ ಪಾಲು ಶೇ 25 ಇತ್ತು. ಮರುವರ್ಷದ ಡಿಸೆಂಬರಿನಲ್ಲಿ ಮಹಾಸಭೆ ತನ್ನ 41/213ನೇ ನಿರ್ಣಯದ ಮೂಲಕ ಬಜೆಟ್ಟನ್ನು ಆದಷ್ಟೂ ಒಮ್ಮತದಿಂದ ರೂಪಿಸುವ ದಾರಿ ಹಿಡಿಯಿತು. ಸಂಖ್ಯಾಬಲವಿದ್ದ ಬಡ ದೇಶಗಳು ಆ ಬಲವನ್ನು ಬಹುಮಟ್ಟಿಗೆ ಬದಿಗಿಟ್ಟವು. ಸುಧಾರಣೆಗೆ ಅಡ್ಡಗಾಲು ಹಾಕುವವರೆಂದು ನೀವು ಕರೆದದ್ದು ಇವರನ್ನೇ.

ಇನ್ನು 2006. ಅದನ್ನು ಬಿಟ್ಟು ಈ ವಿಷಯ ಬರೆಯಲು ಸಾಧ್ಯವೇ ಇಲ್ಲ. ಹಿಂದಿನ ಡಿಸೆಂಬರಿನಲ್ಲಿ ಎರಡು ವರ್ಷಗಳ ಬಜೆಟ್ ಒಪ್ಪಿಗೆಯಾದರೂ ಮೊದಲ ಕಂತಿನ ವೆಚ್ಚಕ್ಕೆ 95 ಕೋಟಿ ಡಾಲರ್ ಮಿತಿ ಹಾಕಲಾಗಿತ್ತು. ಸುಧಾರಣೆಯಲ್ಲಿ ಪ್ರಗತಿ ಕಾಣದೆ ಉಳಿದದ್ದು ಬಿಡುಗಡೆಯಾಗದು ಎಂಬುದು ಅದರ ಇಂಗಿತ. ಮಾರ್ಚಿನಲ್ಲಿ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ತಮ್ಮ ವರದಿ ಮುಂದಿಟ್ಟರು. ಹುದ್ದೆ ಮತ್ತು ಹಣವನ್ನು ಅತ್ತಿತ್ತ ಹೊಂದಿಸಲು ಹೆಚ್ಚಿನ ಸ್ವಾತಂತ್ರ್ಯ ಕೇಳಿದ್ದರ ಜೊತೆಗೆ, ಇಂಥ ವಿಷಯಗಳಲ್ಲಿ ಸದಸ್ಯ ರಾಷ್ಟ್ರಗಳ ಚಿಕ್ಕ ಗುಂಪಿನೊಡನೆ ವ್ಯವಹರಿಸುವ ಯೋಚನೆಯೂ ಅದರಲ್ಲಿತ್ತು. ಆ ಚಿಕ್ಕ ಗುಂಪಿನಲ್ಲಿ ಯಾರಿರುತ್ತಾರೆ, ಯಾರು ಹೊರಗುಳಿಯುತ್ತಾರೆ? ದಕ್ಷಿಣ ಆಫ್ರಿಕಾದ ಅಧ್ಯಕ್ಷತೆಯಲ್ಲಿದ್ದ ಜಿ–77 ಇದನ್ನು ಒಪ್ಪಲಿಲ್ಲ. ಒಮ್ಮತದ ಪದ್ಧತಿ ಮುರಿಯಿತು. ಮೇ 8ರಂದು ಮಹಾಸಭೆಯಲ್ಲಿ ಗುಂಪಿನ ನಿರ್ಣಯದ ಪರ 121, ವಿರುದ್ಧ 50 ಮತಗಳು ಬಿದ್ದವು. ವಿರುದ್ಧ ನಿಂತವರೇ ಬಜೆಟ್ಟಿನ ಬಹುಪಾಲು ಭರಿಸುತ್ತಿದ್ದರು. ಜೂನ್ ಕೊನೆಗೆ ವೆಚ್ಚದ ಮಿತಿ ತೆರವಾಯಿತು. ಈ ಆರು ತಿಂಗಳ ಕಥೆಗೆ ನಿಮ್ಮ ಲೇಖನದ ಅರ್ಧ ಭಾಗ ಕೊಟ್ಟರೂ ಹೆಚ್ಚಲ್ಲ.

ಮೇಲ್ವಿಚಾರಣೆಯ ಭಾಗದಲ್ಲಿ ‘ಪಾರದರ್ಶಕತೆ’ ಎಂಬ ಪದದ ಬದಲು ಸಂಸ್ಥೆಗಳನ್ನು ತೋರಿಸಿ. ಆಂತರಿಕ ಮೇಲ್ವಿಚಾರಣಾ ಸೇವೆಗಳ ಕಚೇರಿ 1994ರಲ್ಲಿ ಹುಟ್ಟಿತು. ಅದರ ಮುಖ್ಯಸ್ಥರ ನೇಮಕಕ್ಕೆ ಮಹಾಸಭೆಯ ಒಪ್ಪಿಗೆ ಬೇಕು, ಅವಧಿ ಐದೇ ವರ್ಷ, ಮರುನೇಮಕವಿಲ್ಲ, ಹುದ್ದೆ ಭೌಗೋಳಿಕವಾಗಿ ಸರದಿಯಲ್ಲಿ ಸಾಗಬೇಕು. ಮೊದಲು ಜರ್ಮನಿಯವರು ಬಂದರು, ನಂತರ ಸಿಂಗಪುರದವರು. ಆಮೇಲೆ ಫಿಲಿಪ್ಪೀನ್ಸ್, ಸೆನೆಗಲ್ ದೇಶಗಳವರೂ ಆ ಕುರ್ಚಿಯಲ್ಲಿ ಕುಳಿತರು. ಬಡ ದೇಶಗಳಿಗೆ ಮೇಲ್ವಿಚಾರಣೆ ಎಂದರೆ ಏನೆಂಬುದು ಈ ನಿಯಮಗಳಲ್ಲಿಯೇ ಕಾಣುತ್ತದೆ.

ಆ ದೇಶಗಳನ್ನು ವಿನಾಕಾರಣ ಹೊಗಳಬೇಕೆಂದು ನಾನು ಹೇಳುತ್ತಿಲ್ಲ. ಭೌಗೋಳಿಕ ನ್ಯಾಯದ ಹೆಸರಿನಲ್ಲಿ ತಮ್ಮವರ ಹುದ್ದೆ ಉಳಿಸಿಕೊಳ್ಳುವ ಆಸೆಯೂ ಅಲ್ಲಿ ಕೆಲಸ ಮಾಡುತ್ತದೆ ಎಂದು ನನಗೆ ಅನಿಸುತ್ತದೆ, ಅದನ್ನೂ ಬರೆಯಿರಿ. ಗುಂಪು ಒಂದೇ ದನಿಯದೂ ಅಲ್ಲ. ‘ಜಿ–77 ಮತ್ತು ಚೀನಾ’ ಎಂದು ಒಟ್ಟಾಗಿ ಮಾತನಾಡುವ ಈ ಬಣದಲ್ಲಿ, 2000ದಲ್ಲಿ ಶೇ 1ಕ್ಕಿಂತ ಕಡಿಮೆ ಕೊಡುತ್ತಿದ್ದ ಚೀನಾ 2025ರಿಂದ ಸುಮಾರು ಶೇ 20ರಷ್ಟು ಭರಿಸಬೇಕಿದೆ. ಅತ್ಯಂತ ಹಿಂದುಳಿದ ದೇಶಗಳ ಪಾಲು ಶೇ 0.01 ಮೀರುವಂತಿಲ್ಲ. ಇವರಿಬ್ಬರ ಹಿತ ಎಲ್ಲಿಯವರೆಗೆ ಒಂದಾಗಿರುತ್ತದೆ? ನಿಮ್ಮಿಂದ ಈ ಪ್ರಶ್ನೆಗೆ ಉತ್ತರ ಬಯಸುತ್ತೇನೆ.

ಏಳನೇ ಪುಟದಲ್ಲಿ, ಆವರಣದೊಳಗೆ ಒಂದು ಮಾತು ಅಡಗಿಸಿಟ್ಟಿದ್ದೀರಿ: ಬಜೆಟ್ ವಿಷಯ ನೋಡುವ ಮಹಾಸಭೆಯ ಐದನೇ ಸಮಿತಿಗೆ ದಾಖಲೆಗಳು ತಡವಾಗಿ ಬರುತ್ತವೆ, ಒಬ್ಬರೇ ಅಧಿಕಾರಿಯನ್ನು ಕಳುಹಿಸಬಲ್ಲ ಸಣ್ಣ ದೇಶಕ್ಕೆ ಅವನ್ನು ಓದಿ ಮುಗಿಸುವುದೇ ಕಷ್ಟ. ಜಿ–77 ಅಧಿವೇಶನದಿಂದ ಅಧಿವೇಶನಕ್ಕೆ ಹೇಳುತ್ತ ಬಂದಿರುವ ದೂರು ಇದು. ಓದಲು ಸಮಯವೇ ಸಿಗದವರು ಲೆಕ್ಕ ಕೇಳುವುದು ಹೇಗೆ? ಆವರಣ ತೆಗೆದುಹಾಕಿ, ಲೇಖನವನ್ನು ಅಲ್ಲಿಂದ ಆರಂಭಿಸಿ. ಆರು ಪುಟ ಸಾಕು. ತಿಂಗಳೊಳಗೆ ಕಳುಹಿಸಿದರೆ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ