ವಿಂಡೋಸ್‌ನಲ್ಲಿ ನೆಟ್‌ಸಿಡಿಎಫ್ ಬಿಲ್ಡ್ ಮಾಡುವಾಗ ಎಚ್‌ಡಿಎಫ್5 ಸಿಗಲಿಲ್ಲ ಅಂತ ಬರುತ್ತಿದೆ. ಹಾವೇರಿಯ ಮಳೆ ಡೇಟಾ ಓದಬೇಕು, ಏನು ಮಾಡಲಿ?

ಇದೇ ಎರರ್ ನನಗೂ ಬಂದಿತ್ತು. ಧಾರವಾಡದಲ್ಲಿ ಓದುವಾಗ ಗದಗ ಜಿಲ್ಲೆಯ ಮಳೆ ಲೆಕ್ಕ ಬೇಕಿತ್ತು. ಹವಾಮಾನ ಇಲಾಖೆ 1901ರಿಂದ ಈಚಿನ ಮಳೆಯನ್ನು ಕಾಲು ಡಿಗ್ರಿ ಚೌಕಗಳಲ್ಲಿ ಕೊಡುತ್ತದಲ್ಲ, ಅದೇ ಫೈಲು. ಅದನ್ನು ಓದುವ ಲೈಬ್ರರಿ ನೆಟ್‌ಸಿಡಿಎಫ್‌ನ ಸೋರ್ಸ್ ಕೋಡ್ ಇಳಿಸಿಕೊಂಡೆ. ಅದು ಒಳಗೆ ಬಳಸುವ ಎಚ್‌ಡಿಎಫ್5 ಲೈಬ್ರರಿಯನ್ನು ಮಾತ್ರ ರೆಡಿ ಇನ್‌ಸ್ಟಾಲರ್‌ನಿಂದ ಹಾಕಿಕೊಂಡೆ.

ಬಿಲ್ಡ್‌ಗೆ ಸಿದ್ಧತೆ ಮಾಡುವ ಸಿಮೇಕ್ ಓಡಿಸಿದರೆ ಎಚ್‌ಡಿಎಫ್5 ಇಲ್ಲವೇ ಇಲ್ಲ ಅನ್ನುತ್ತಿತ್ತು. ಫೋಲ್ಡರ್ ನೋಡಿದರೆ ಕಣ್ಣೆದುರೇ ಇದೆ. ಪಾತ್ ಬದಲಿಸಿದೆ, ತೆಗೆದು ಮತ್ತೆ ಹಾಕಿದೆ, ಹಳೇ ವರ್ಶನ್ ತಂದೆ. ಆದರೆ ಪಾತ್ ಮೊದಲಿಂದಲೂ ಸರಿಯಾಗಿಯೇ ಇತ್ತು! ನಾನು ಎರರ್‌ನ ಮೊದಲ ಸಾಲಷ್ಟೇ ಓದುತ್ತಿದ್ದೆ. ಕೆಳಗೆ ಇನ್ನೂ ನಾಲ್ಕಾರು ಸಾಲು ಇರುತ್ತವೆ: ಈ ಫೈಲು ಪರಿಶೀಲಿಸಿದೆ, ಆದರೆ ಒಪ್ಪಲಿಲ್ಲ ಅಂತ. ಅಲ್ಲಿ ವರ್ಶನ್ ನಂಬರಿನ ಪಕ್ಕ ಕಂಸದಲ್ಲಿ 64 ಬಿಟ್ ಅಂತ ಬರೆದಿತ್ತು. ಎಲ್ಲಾ ಉತ್ತರ ಆ ಕಂಸದಲ್ಲೇ ಇತ್ತು. ಕಂಪೈಲರ್ ಆಗಿ ವಿಷುಯಲ್ ಸ್ಟುಡಿಯೋ 2017 ಅಂತ ಬರೀ ಹೆಸರು ಕೊಟ್ಟರೆ ಸಿಮೇಕ್ 32 ಬಿಟ್‌ಗೆ ಬಿಲ್ಡ್ ತಯಾರಿಸುತ್ತದೆ. 2019ರಿಂದ ಮಾತ್ರ ನಿಮ್ಮ ಮಷೀನ್ ಯಾವುದೋ ಅದಕ್ಕೇ. ನನ್ನ ಎಚ್‌ಡಿಎಫ್5 64 ಬಿಟ್, ಬಿಲ್ಡ್ 32 ಬಿಟ್. ಎರಡೂ ಎಲ್ಲಿ ಕೂಡುತ್ತವೆ?

ನಿಮ್ಮಲ್ಲೂ 2017 ಇದ್ದರೆ ಸಿಮೇಕ್‌ಗೆ ಎಕ್ಸ್64, ಅಂದರೆ 64 ಬಿಟ್, ಅಂತ ಬಿಡಿಸಿ ಹೇಳಿ. ಅದಕ್ಕೂ ಮೊದಲು ಬಿಲ್ಡ್ ಫೋಲ್ಡರನ್ನೇ ಪೂರ್ತಿ ಅಳಿಸಿ, ಯಾಕಂದ್ರೆ ಹಳೇ ಆಯ್ಕೆ ಅದರೊಳಗಿನ ಕ್ಯಾಶ್ ಫೈಲಿನಲ್ಲಿ ಉಳಿದಿರುತ್ತದೆ. ಡೀಬಗ್ ಬಿಲ್ಡ್, ರಿಲೀಸ್ ಬಿಲ್ಡ್ ಬೆರೆಸಬೇಡಿ. ಬಿಲ್ಡ್ ಆದಮೇಲೆ ಡಿಎಲ್‌ಎಲ್ ಸಿಗಲಿಲ್ಲ ಅಂದರೆ ಎಚ್‌ಡಿಎಫ್5ನ ಬಿನ್ ಫೋಲ್ಡರನ್ನು ಪಾತ್‌ಗೆ ಸೇರಿಸಿ.

ಆದರೆ ಒಂದು ಮಾತು ಕೇಳುತ್ತೇನೆ, ನಿಮಗೆ ಸೋರ್ಸ್ ಯಾಕೆ ಬೇಕು? ಲೈಬ್ರರಿಯ ಕೋಡನ್ನೇ ತಿದ್ದುವವರಿಗೆ, ಇಲ್ಲಾ ರೆಡಿ ಬಿಲ್ಡ್‌ನಲ್ಲಿ ಇಲ್ಲದ ಸೌಲಭ್ಯ ಬೇಕಾದವರಿಗೆ ಅದು ಸರಿ. ಹಾವೇರಿಯ ಮಳೆ ಓದಲು ಖಂಡಿತ ಬೇಡ. ನೆಟ್‌ಸಿಡಿಎಫ್ ಮಾಡಿದ ಯುನಿಡೇಟಾದವರೇ ವಿಂಡೋಸ್‌ಗೆ ರೆಡಿ ಇನ್‌ಸ್ಟಾಲರ್ ಕೊಡುತ್ತಾರೆ. ಪೈಥಾನ್ ಬರುತ್ತದಾದರೆ ಕಾಂಡಾ-ಫೋರ್ಜ್ ಅನ್ನುವ ಪ್ಯಾಕೇಜ್ ಸಂಗ್ರಹದಿಂದ ನೆಟ್‌ಸಿಡಿಎಫ್4 ಹಾಕಿಕೊಳ್ಳಿ, ಎಚ್‌ಡಿಎಫ್5 ತಾನೇ ಜೊತೆಗೆ ಬರುತ್ತದೆ. ನಿಮ್ಮ ಶ್ರಮ ಮಳೆಯ ಮೇಲಿರಲಿ, ಲಿಂಕರ್ ಮೇಲಲ್ಲ.

ಹಾಕಿದ ಮೇಲೆ ನೆಟ್‌ಸಿಡಿಎಫ್ ಜೊತೆಗೇ ಬರುವ ಎನ್‌ಸಿಡಂಪ್‌ನಿಂದ ಮಳೆ ಫೈಲಿನ ಹೆಡರ್ ನೋಡಿ. ರೇಖಾಂಶದ ಬಿಂದುಗಳು 135, ಅಕ್ಷಾಂಶದವು 129 ಅಂತ ಕಂಡರೆ ಫೈಲು ಸರಿಯಾಗಿ ತೆರೆದಿದೆ. ಹಾವೇರಿ ಪಟ್ಟಣಕ್ಕೆ ಅಕ್ಷಾಂಶ 14.75, ರೇಖಾಂಶ 75.5ರ ಚೌಕ ತೆಗೆದುಕೊಳ್ಳಿ.