ನಾಲ್ಕು ದಿನ, ಇಬ್ಬರು ಮಕ್ಕಳು, ಅರವತ್ತು ಕುಂಡ

ಅಕ್ಕಾ, ನಮ್ಮ ಗಿಡದ ಗುಂಪಲ್ಲಿ ನಿಮ್ಮ ಪೋಸ್ಟ್ ನಿನ್ನೆ ರಾತ್ರಿನೇ ನೋಡ್ದೆ, ಮಕ್ಕಳನ್ನ ಮಲಗಿಸಿ ಬರೆಯೋಣ ಅಂತ ಹೋದೋಳು ಅವ್ರ ಜೊತೆ ನಾನೂ ಮಲಗ್ಬಿಟ್ಟೆ, ಅದಕ್ಕೆ ಈಗ ಟೈಪ್ ಮಾಡ್ತಿದೀನಿ. ಉದ್ದ ಆಗುತ್ತೆ, ಬೈಕೋಬೇಡಿ. ನೀವು ಕೇಳಿರೋದು ಎರಡು. ಏಪ್ರಿಲ್ ಕೊನೆ ವಾರ ಆರು ವರ್ಷದ ಮಗ, ಎರಡೂವರೆ ವರ್ಷದ ಮಗಳನ್ನ ಕರ್ಕೊಂಡು ಬೆಂಗಳೂರಿಂದ ನಮ್ಮ ಮೈಸೂರು ಕಡೆ ನಾಲ್ಕು ದಿನ ಬರ್ತಿದೀರಿ, ಲಿಸ್ಟ್ ಸರಿ ಇದ್ಯಾ ಅನ್ನೋದೊಂದು, ಅಷ್ಟು ದಿನ ತಾರಸಿ ಮೇಲಿರೋ ಅರವತ್ತು ಕುಂಡಕ್ಕೆ ನೀರಿನ ಗತಿ ಏನು ಅನ್ನೋದು ಇನ್ನೊಂದು. ಕುಂಡದ್ದು ಸುಲಭ, ಕೊನೇಲಿ ಹೇಳ್ತೀನಿ. ಮೊದಲು ಲಿಸ್ಟು.

ಮೊದಲನೇ ದಿನಕ್ಕೇ ಜಾನಪದ ಲೋಕ, ಚನ್ನಪಟ್ಟಣ, ಕೊಕ್ಕರೆ ಬೆಳ್ಳೂರು, ರಂಗನತಿಟ್ಟು, ಶ್ರೀರಂಗಪಟ್ಟಣ, ಸಂಜೆ ಕೆಆರ್‌ಎಸ್ ಅಂತ ಹಾಕಿದೀರಲ್ಲ, ಅದನ್ನ ನಮ್ಮನೆಯವ್ರಿಗೆ ಓದಿ ಹೇಳ್ದೆ, "ಇವ್ರು ಮಕ್ಕಳನ್ನ ಸುತ್ತಾಡ್ಸೋಕೆ ಬರ್ತಿದಾರಾ ಇಲ್ಲ ಮನೆಮನೆಗೆ ಲಗ್ನಪತ್ರಿಕೆ ಹಂಚೋಕೆ ಬರ್ತಿದಾರಾ" ಅಂದ್ರು. ತಮಾಷೆಗೆ ಅಂದಿದ್ದು, ಆದ್ರೆ ನಾವೂ ಮೊದಲ ಸಲ ಹಾಗೇ ಮಾಡಿ ಅನುಭವಿಸಿದೀವಿ ಅಕ್ಕಾ. ನಮ್ಮ ಚಿಕ್ಕೋಳಿಗೆ ಆಗ ಎರಡು ವರ್ಷ. ಊರಿಂದ ನೆಂಟರು ಬಂದಿದ್ರು ಅಂತ ಬೆಳಿಗ್ಗೆ ಹತ್ತಕ್ಕೆ ಝೂಗೆ ಹೋಗಿ, ಅದು ಮುಗಿಸಿ ಮಧ್ಯಾಹ್ನ ಒಂದೂವರೆಗೆ ಅರಮನೆಗೆ ಹೋದ್ವಿ. ಅಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗ್ಬೇಕಲ್ಲ, ವಾಪಸ್ ಚಪ್ಪಲಿ ಹತ್ರ ಬರೋವಾಗ ಆ ಅಂಗಳದ ಬಿಸಿಲಿಗೆ ದೊಡ್ಡೋನು ಒಂಟಿ ಕಾಲಲ್ಲಿ ಕುಣೀತಾ "ಅಮ್ಮಾ ಇದು ದೋಸೆ ಹೆಂಚು" ಅಂತ ಕಿರುಚ್ತಿದಾನೆ, ಚಿಕ್ಕೋಳು ಅಪ್ಪನ ಹೆಗಲ ಮೇಲೆ ತಲೆ ಹಾಕಿ ಸುಮ್ನೆ ಇದಾಳೆ, ನಾವೇನೋ ಪಾಪ ನಿದ್ದೆ ಬಂದಿದೆ ಅನ್ಕೊಂಡ್ವಿ. ಸಂಜೆ ಎರಡು ಸಲ ವಾಂತಿ, ಮುಖ ಕೆಂಪಗೆ, ಆಗ ನಮ್ಮತ್ತೆ ಕೇಳಿದ್ರು ಮಗು ಬೆಳಿಗ್ಗೆಯಿಂದ ಉಚ್ಚೆ ಹೊಯ್ದಿದ್ಯಾ ಅಂತ. ಡಯಾಪರ್ ನೋಡಿದ್ರೆ ಒಣಗಿದೆ! ಡಾಕ್ಟ್ರು ಬೇರೇನೂ ಇಲ್ಲ, ನೀರು ಸಾಲ್ದಾಗಿದೆ ಅಂತ ಓಆರ್‌ಎಸ್ ಕುಡಿಸೋಕೆ ಹೇಳಿದ್ರು, ರಾತ್ರಿ ಹನ್ನೊಂದರವರೆಗೂ ಎರಡೆರಡು ನಿಮಿಷಕ್ಕೆ ಒಂದೊಂದು ಚಮಚ ಕುಡಿಸ್ತಾ ಕೂತಿದ್ದೆ. ಒಂದೇ ಸಲ ಲೋಟ ಹಿಡಿದ್ರೆ ಮತ್ತೆ ವಾಂತಿ ಮಾಡ್ಕೋತಾವೆ, ಚಮಚದಲ್ಲೇ ಕೊಡ್ಬೇಕು.

ಆವತ್ತಿಂದ ನಮ್ಮನೇಲಿ ಒಂದೇ ರೂಲ್ಸು. ಬೆಳಿಗ್ಗೆ ಒಂದು ಜಾಗ, ಹನ್ನೊಂದೂವರೆ ಒಳಗೆ ನೆರಳಿಗೆ ವಾಪಸ್, ಊಟ, ನಿದ್ದೆ, ನಾಲ್ಕೂವರೆ ಮೇಲೆ ಇನ್ನೊಂದು ಚಿಕ್ಕ ಜಾಗ. ಅಷ್ಟೇ. ನಾಲ್ಕು ದಿನಕ್ಕೆ ಎಂಟು ಜಾಗ ಆಗುತ್ತಲ್ಲ, ಅದೇ ಜಾಸ್ತಿ. ಬೆಂಗಳೂರಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು, ಹಳೇ ಕಾಲದ ತಣ್ಣನೆ ಬೆಂಗಳೂರು ಮೈಸೂರು ಅಂತ ನಂಬ್ಕೊಂಡು ಮಧ್ಯಾಹ್ನ ಹೊರಗೆ ಬೀಳೋ ಕಾಲ ಹೋಯ್ತು.

ಈಗ ನಿಮ್ಮ ಲಿಸ್ಟಲ್ಲಿ ನಾನು ಏನ್ ಇಟ್ಕೋತೀನಿ ಏನ್ ಬಿಡ್ತೀನಿ ಹೇಳ್ತೀನಿ. ಬರೋ ದಿನ ಐದೂವರೆಗೆ ಮನೆ ಬಿಡಿ, ಮಕ್ಕಳನ್ನ ನೈಟ್ ಡ್ರೆಸ್ಸಲ್ಲೇ ಎತ್ತಿ ಕಾರಿಗೆ ಹಾಕಿ, ಎಬ್ಬಿಸಿ ಸ್ನಾನ ಮಾಡ್ಸಿ ಅಂತ ಹೋದ್ರೆ ಎಂಟಾಗುತ್ತೆ. ಎಕ್ಸ್‌ಪ್ರೆಸ್‌ವೇ ಹತ್ತಿದ್ರೆ ರಾಮನಗರ ಚನ್ನಪಟ್ಟಣ ಮದ್ದೂರು ಮಂಡ್ಯ ಯಾವ್ದೂ ಸಿಗಲ್ಲ, ಎಲ್ಲಾ ಊರಾಚೆನೇ ಹೋಗ್ಬಿಡುತ್ತೆ, ಮಗು "ಅಮ್ಮಾ ಸುಸು" ಅಂದಾಗ ನಿಲ್ಸೋಕೆ ಜಾಗ ಹುಡುಕೋದೇ ಪಾಡು. ಎಲ್ಲಿ ಇಳೀಬೇಕು ಅಂತ ಮೊದಲೇ ನೋಡ್ಕೊಳಿ. ಆವತ್ತಿನ ಒಂದೇ ಒಂದು ಜಾಗ ಅಂದ್ರೆ ನಾನು ಕೊಕ್ಕರೆ ಬೆಳ್ಳೂರು ಅಂತೀನಿ, ಉಳಿದದ್ದೆಲ್ಲ ಬಿಡಿ. ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದ ಹತ್ರ ಎಡಕ್ಕೆ ಹೋಗೋ ದಾರಿ, ಹಳೇ ರೋಡಲ್ಲಿ ಬರ್ಬೇಕು. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಎಲ್ಲಾ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ತಾವೆ, ಮನೆ ಸೂರಿನ ಪಕ್ಕದಲ್ಲೇ. ಏಪ್ರಿಲ್‌ಗೆ ಮರಿಗಳು ದೊಡ್ಡವಾಗಿರ್ತವೆ, ಗೂಡಿಂದ ಕತ್ತು ಚಾಚಿ ಗಲಾಟೆ ಮಾಡ್ತಿರ್ತವೆ. ಮಕ್ಕಳಿಗೆ ಬೈನಾಕ್ಯುಲರ್ ಬೇಕಾಗಲ್ಲ, ತಲೆ ಎತ್ತಿದ್ರೆ ಸಾಕು, ಹಾಗೇ ತಲೆಗೊಂದು ಟೋಪಿನೂ ಬೇಕು, ಮೇಲಿಂದ ಬೀಳೋ ಪ್ರಸಾದಕ್ಕೆ 😄 ನಮ್ಮ ಗುಂಪಿನೋರಿಗೆ ಇನ್ನೊಂದು ವಿಷ್ಯ, ಆ ಊರವ್ರು ಮರದ ಬುಡದಲ್ಲಿ ಬೀಳೋ ಹಿಕ್ಕೆನ ಮಣ್ಣಿಗೆ ಬೆರೆಸಿ ಹೊಲಕ್ಕೆ ಗೊಬ್ಬರ ಮಾಡ್ಕೋತಾರೆ, ಸಿಕ್ಕಿದ್ರೆ ಯಾರಾದ್ರೂ ಹಿರಿಯರ ಹತ್ರ ಕೇಳ್ನೋಡಿ, ಕೂತ್ಕೊಂಡು ಹೇಳ್ತಾರೆ.

ಜಾನಪದ ಲೋಕ ಒಳ್ಳೇ ಮ್ಯೂಸಿಯಂ, ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ನಂಗೆ ತುಂಬಾ ಇಷ್ಟ, ಆದ್ರೆ ಎರಡೂವರೆ ವರ್ಷದ ಮಗು ಜೊತೆ ಒಳಗಿರೋ ಪಾತ್ರೆ ಪಗಡ ಗೊಂಬೆ ನೋಡ್ತಾ ನಿಲ್ಲೋಕಾಗಲ್ಲ. ಮಗ ಇನ್ನೆರಡು ವರ್ಷ ಬೆಳೀಲಿ. ಬೇಕಿದ್ರೆ ವಾಪಸ್ ಹೋಗೋವಾಗ ಚನ್ನಪಟ್ಟಣದಲ್ಲಿ ಇಳ್ದು ಬುಗುರಿ ತಗೊಳಿ, ಆಲೆ ಮರದ್ದು, ಅರಗಿನ ಬಣ್ಣದ್ದು. ಕಾರಲ್ಲೇ ಕೊಟ್ಬಿಡ್ಬೇಡಿ ಮಾತ್ರ, ಸೀಟಿನ ಸಂದಿಗೆ ಹೋದ್ರೆ ಚನ್ನಪಟ್ಟಣದಿಂದ ಕೆಂಗೇರಿವರೆಗೂ ಅಳು.

ಎರಡನೇ ದಿನ ರಂಗನತಿಟ್ಟು. ಬೆಳಿಗ್ಗೆ ಗೇಟು ತೆಗೆಯೋ ಹೊತ್ತಿಗೆ ಅಲ್ಲಿರಿ, ದೋಣಿಗೆ ಕ್ಯೂ ಇರಲ್ಲ, ಬಿಸಿಲೂ ಏರಿರಲ್ಲ. ನಮ್ಮ ಮಗ ಅಲ್ಲಿ ಹಕ್ಕಿ ಒಂದನ್ನೂ ನೋಡ್ಲಿಲ್ಲ ಅಕ್ಕಾ, ಬಂಡೆ ಮೇಲೆ ಬಾಯಿ ತೆಗ್ದು ಮಲಗಿದ್ದ ಮೊಸಳೆನೇ ನೋಡ್ತಿದ್ದ, "ಅದಕ್ಕೆ ಹಲ್ಲು ಉಜ್ಜೋರು ಯಾರು" ಅಂತ ದೋಣಿಯವ್ರನ್ನ ಕೇಳ್ದ. ಅವ್ರು ಹುಟ್ಟು ಹಾಕ್ತಾನೇ "ನಾನೇ ಕಣಪ್ಪ, ದಿನಾ ಸಂಜೆ" ಅಂದ್ರು, ಇವನು ಇವತ್ತಿಗೂ ಅದನ್ನ ನಂಬಿದಾನೆ. ಲೈಫ್ ಜಾಕೆಟ್ ಮಗುವಿನ ಅಳತೆದೇ ಕೇಳಿ ಹಾಕ್ಸಿ, ದೊಡ್ಡದು ಹಾಕಿದ್ರೆ ಕಿವಿ ಮೇಲಕ್ಕೆ ಬಂದು ಕೂರುತ್ತೆ. ದೋಣಿಯಿಂದ ಕೈ ಹೊರಗೆ ಹಾಕೋದಂತೂ ಬೇಡವೇ ಬೇಡ.

ಝೂ ಮಂಗಳವಾರ ರಜ, ಪಕ್ಕದ ಕಾರಂಜಿ ಕೆರೆನೂ ಅಷ್ಟೇ, ನಿಮ್ಮ ಲಿಸ್ಟಲ್ಲಿ ಝೂ ಮಂಗಳವಾರಕ್ಕೇ ಬಿದ್ದಿದೆ, ಬದಲಾಯಿಸ್ಕೊಳಿ. ಬೆಳಿಗ್ಗೆ ಎಂಟೂವರೆಗೆ ತೆಗೀತಾರೆ. ಪೂರ್ತಿ ನಡೆದ್ರೆ ಮೂರ್ನಾಲ್ಕು ಕಿಲೋಮೀಟರ್ ಆಗುತ್ತೆ, ಅರ್ಧ ದಾರಿಗೆ ಚಿಕ್ಕೋರು "ಎತ್ಕೋ" ಅಂತಾರೆ, ಆಗ ಬ್ಯಾಟರಿ ಗಾಡಿ ನೋಡೋ ಬದಲು ಮೊದಲೇ ಹತ್ಬಿಡಿ. ಎಲ್ಲಾ ಪ್ರಾಣಿ ತೋರಿಸ್ಬೇಕು ಅಂತ ಹಟ ಬೇಡ, ಆನೆ ಜಿರಾಫೆ ಹುಲಿ ಆದ್ರೆ ಮಕ್ಕಳ ಲೆಕ್ಕದಲ್ಲಿ ಝೂ ಮುಗೀತು. ಸಂಜೆಗೆ ರೈಲ್ವೆ ಮ್ಯೂಸಿಯಂ ಇಟ್ಕೊಳಿ, ನಿಮ್ಮ ಲಿಸ್ಟಲ್ಲೇ ಇಲ್ಲ ಅದು! 1979ರದ್ದು, ಹಳೇ ಉಗಿಬಂಡಿ ಇಂಜಿನ್‌ಗಳನ್ನ ಮುಟ್ಟಿ ನೋಡ್ಬಹುದು, ಪುಟಾಣಿ ರೈಲೂ ಇದೆ, ಮರದ ನೆರಳು ಬೇರೆ. ಅರಮನೆ ಒಳಗೆ ಈ ಸಲ ಬಿಡಿ, ಭಾನುವಾರ ಸಂಜೆ ಏಳಕ್ಕೆ ದೀಪ ಹಾಕಿದಾಗ ಹೊರಗಿಂದ ತೋರ್ಸಿ ಸಾಕು, ಒಂದೇ ಸಲಕ್ಕೆ ಎಲ್ಲಾ ಬಲ್ಬು ಹತ್ಕೊಳ್ಳೋವಾಗ ಮಗು ಮುಖ ನೋಡಿ, ಅರಮನೆ ಆಮೇಲೆ ನೋಡಿದ್ರಾಯ್ತು. ಕೆಆರ್‌ಎಸ್ ಬೃಂದಾವನ ಶನಿವಾರ ಭಾನುವಾರ ಬೇಡ, ಆ ಜನದಲ್ಲಿ ಕೈ ಬಿಟ್ರೆ ಮಗು ಎಲ್ಲಿ ಅಂತ ಹುಡುಕೋದು?

ಇನ್ನು ನೀರಿನ ವಿಷ್ಯ, ಇದನ್ನ ಮಾತ್ರ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಬಲಮುರಿ, ಎಡಮುರಿ, ಸಂಗಮ ಅಂತ ಕಾವೇರಿ ದಡದ ಮೂರು ಜಾಗ ಹಾಕಿದೀರಿ. ಬೇಸಿಗೇಲಿ ನೀರು ಕಮ್ಮಿ ಇರುತ್ತೆ, ಮೊಣಕಾಲುದ್ದ ಅಷ್ಟೇ ಅಂತ ಕಾಣುತ್ತೆ, ಆದ್ರೆ ಕಾವೇರಿ ತಳ ಸಮ ಅಲ್ಲ, ಬಂಡೆ ಮೇಲೆ ಪಾಚಿ, ಎರಡು ಹೆಜ್ಜೆ ಆಚೆಗೆ ಗುಂಡಿ. ನೋಡ್ಕೊಂಡು ಬನ್ನಿ, ಇಳಿಸ್ಬೇಡಿ. ಮಂಡ್ಯದ ಕಡೆ ನಾಲೆ ಏರಿ ಮೇಲೆ ಕಾರು ನಿಲ್ಸಿ ಮಕ್ಕಳ ಕಾಲು ತೊಳ್ಸೋರನ್ನ ನೋಡಿದ್ರೆ ನಂಗೆ ಎದೆ ಝಲ್ ಅನ್ನುತ್ತೆ, ವಿಸಿ (ವಿಶ್ವೇಶ್ವರಯ್ಯ) ನಾಲೆ ಬದು ಇಳಿಜಾರು, ಕಾಲು ಜಾರಿದ್ರೆ ಹಿಡ್ಕೊಳ್ಳೋಕೆ ಏನೂ ಇರಲ್ಲ, ನೀರಿನ ಸೆಳೆತ ಬೇರೆ. ನಿಮ್ಮ ಚಿಕ್ಕಪ್ಪನ ತೋಟಕ್ಕೆ ಒಂದು ದಿನ ಹೋಗ್ತೀವಿ ಅಂದಿದೀರಿ, ತುಂಬಾ ಒಳ್ಳೇದು, ಆದ್ರೆ ಮೊದಲು ಫೋನ್ ಮಾಡಿ ಕೃಷಿ ಹೊಂಡ ಇದ್ಯಾ, ಬೇಲಿ ಇದ್ಯಾ ಕೇಳಿ. ಪ್ಲಾಸ್ಟಿಕ್ ಹಾಸಿರೋ ಹೊಂಡಕ್ಕೆ ಬಿದ್ರೆ ದೊಡ್ಡವ್ರೇ ಹತ್ತೋಕಾಗಲ್ಲ, ಸೋಪು ಹಾಕ್ದಂಗೆ ಜಾರುತ್ತೆ. ನಮ್ಮ ಮಾವನವ್ರು ಹೊಂಡದ ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು ಹಳೇ ಟ್ಯೂಬ್ ಕಟ್ಟಿದಾರೆ, ಬೇಲಿ ಇದ್ರೂನೂ. ಈ ಗುಂಪಲ್ಲಿ ತೋಟ ಇರೋರು ದಯವಿಟ್ಟು ಎಲ್ಲರೂ ಮಾಡಿ. ಇನ್ನೊಂದು, ಮುಳುಗೋ ಮಗು ಕೂಗಲ್ಲ ಅಕ್ಕಾ, ಸದ್ದೇ ಬರಲ್ಲ. ಐದು ಜನ ದೊಡ್ಡವ್ರಿದ್ರೆ ಒಬ್ಬೊಬ್ರೂ ಇನ್ನೊಬ್ರು ನೋಡ್ತಿದಾರೆ ಅಂದ್ಕೊಂಡಿರ್ತಾರೆ, ಅದಕ್ಕೆ "ಈಗ ಅರ್ಧ ಗಂಟೆ ನೀವೇ, ಫೋನ್ ಒಳಗಿಡಿ" ಅಂತ ಒಬ್ರಿಗೆ ಹೆಸರು ಹಿಡಿದು ಹೇಳ್ಬೇಕು.

ಹಾಗಂತ ನೀರಾಟ ಬೇಡ ಅಂತಲ್ಲ. ತೋಟದಲ್ಲಿ ಪಂಪ್‌ಸೆಟ್ ನೀರು ಬಿಟ್ಟಾಗ ಬದು ಪಕ್ಕದ ಕಾಲುವೇಲಿ ಕೂರ್ಸಿ, ಪಾದ ಮುಳುಗೋಷ್ಟು ಸಾಕು, ಒಂದು ಚೊಂಬು ಒಂದು ತೆಂಗಿನ ಚಿಪ್ಪು ಕೊಡಿ. ಎರಡು ಗಂಟೆ ನಿಮ್ಮನ್ನ ಕರೆಯಲ್ಲ. ನಾಲ್ಕು ದಿನದಲ್ಲಿ ಅವ್ರಿಗೆ ನೆನಪಿರೋದು ಅದೇ, ಝೂ ಟಿಕೆಟ್ ದುಡ್ಡು ನೆನೆಸ್ಕೊಂಡು ಹೊಟ್ಟೆ ಉರಿಸ್ಕೋಬೇಡಿ.

ಊಟಕ್ಕೆ ನಾನು ಒಯ್ಯೋದು: ಬೆಳಿಗ್ಗೆ ನಿಂಬೆಹಣ್ಣಿನ ಚಿತ್ರಾನ್ನ, ಮಧ್ಯಾಹ್ನಕ್ಕೆ ಮೊಸರನ್ನ. ಮೊಸರನ್ನಕ್ಕೆ ಮೊಸರು ಒಂದೇ ಸ್ಪೂನು, ಉಳಿದದ್ದು ಕಾಯಿಸಿ ಆರಿಸಿದ ಹಾಲು, ಊಟದ ಹೊತ್ತಿಗೆ ಸರಿಯಾಗಿ ಹೆಪ್ಪಾಗಿರುತ್ತೆ, ಹುಳಿ ಬರಲ್ಲ. ದಾರೀಲಿ ಎಳನೀರು ಎಲ್ಲೆಲ್ಲೂ ಸಿಗುತ್ತೆ, ಮದ್ದೂರು ಸೀಮೆ ತಾನೇ. ಹೆಚ್ಚಿಟ್ಟಿರೋ ಕಲ್ಲಂಗಡಿ, ಐಸ್ ಹಾಕಿದ ಜ್ಯೂಸು ಬೇಡ, ಇಡೀ ಹಣ್ಣು ತಗೊಂಡು ನೀವೇ ಹೆಚ್ಚಿ. ಓಆರ್‌ಎಸ್ ಪುಡಿ ನಾಲ್ಕು ಪೊಟ್ಟಣ ಬ್ಯಾಗಲ್ಲಿರ್ಲಿ, ದೊಡ್ಡ ಪೊಟ್ಟಣ ಆದ್ರೆ ಪೂರ್ತಿ ಒಂದು ಲೀಟರ್ ನೀರಿಗೆ, ಅರ್ಧ ಪುಡಿ ಲೋಟಕ್ಕೆ ಅಂತ ಅಂದಾಜು ಮಾಡ್ಬೇಡಿ, ಕಲಸಿದ್ದು ಮಾರನೇ ದಿನಕ್ಕೆ ಇಡ್ಬೇಡಿ. ಪೊಟ್ಟಣ ಸಿಗ್ಲಿಲ್ಲ ಅಂದ್ರೆ ಒಂದು ಲೀಟರ್ ಕುಡಿಯೋ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಡಬ್ಬೀಲಿ ಬರೋ ಬಣ್ಣದ ಸಿಹಿ ನೀರು ಓಆರ್‌ಎಸ್ ಅಲ್ಲ. ಮತ್ತೆ ಬಿಸಿಲಲ್ಲಿ ನಿಂತಿದ್ದ ಕಾರಿನ ಬೆಲ್ಟ್ ಬಕಲ್ ಮುಟ್ಟಿ ನೋಡಿ ಆಮೇಲೆ ಮಗು ಕೂರ್ಸಿ, ನಮ್ಮೋಳಿಗೆ ತೊಡೆ ಮೇಲೆ ಬರೆ ಬಂದಿತ್ತು.

ಕುಂಡಗಳು. ಟೈಮರ್ ಹಾಕೋಣ ಅಂತ ಆಸೆ ಪಡ್ಬೇಡಿ ಹೊರಡೋ ಹಿಂದಿನ ದಿನ. ನಾನು ಹಾಕಿದ್ದೆ, ಪೈಪ್ ಕಿತ್ಕೊಂಡು ಇಡೀ ಟ್ಯಾಂಕ್ ಖಾಲಿ, ಕೆಳಗಿನ ಮನೆ ಆಂಟಿ ಬಟ್ಟೆ ಎಲ್ಲಾ ಎರಡನೇ ಸಲ ಒಗೆಸ್ಕೊಂಡ್ವು. ನಾಲ್ಕು ದಿನಕ್ಕೆ ಇಷ್ಟು ಸಾಕು: ಹಿಂದಿನ ಸಂಜೆ ತಳದ ತೂತಿಂದ ಹರಿಯೋವರೆಗೂ ನೀರು, ಎಲ್ಲಾ ಕುಂಡ ಮಧ್ಯಾಹ್ನದ ಮೇಲೆ ನೆರಳು ಬೀಳೋ ಕಡೆ ಒತ್ತೊತ್ತಾಗಿ ಸೇರ್ಸಿ, ಮಣ್ಣಿನ ಮೇಲೆ ಎರಡಿಂಚು ಒಣ ಎಲೆ ಅಥವಾ ತೆಂಗಿನ ನಾರು. ಟೊಮೇಟೊ, ಸೌತೆ ಥರ ನೀರು ಕುಡಿಯೋವಕ್ಕೆ ಮಾತ್ರ ಬತ್ತಿ ಇಡಿ. ಬಕೆಟ್ ನೀರು ಕುಂಡಕ್ಕಿಂತ ಒಂದಿಟ್ಟಿಗೆ ಎತ್ತರದಲ್ಲಿ, ಹಳೇ ಕಾಟನ್ ಪಂಚೆ ಹರಿದು ಹೊಸೆದ ಬತ್ತಿಯ ಒಂದು ತುದಿ ಬಕೆಟ್ ತಳಕ್ಕೆ, ಇನ್ನೊಂದು ಮಣ್ಣೊಳಗೆ ಮೂರು ಇಂಚು, ಮೊದಲು ಬತ್ತಿನ ಒದ್ದೆ ಮಾಡ್ಕೊಂಡೇ ಇಡಿ. ಪಾಲಿಸ್ಟರ್ ಸರಿಯಾಗಿ ಎಳೆಯಲ್ಲ. ಹೊರಡೋಕೆ ನಾಲ್ಕು ದಿನ ಮುಂಚೆನೇ ಒಂದು ಕುಂಡಕ್ಕೆ ಇಟ್ಟು ನೋಡಿ. ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟಿ, ಕುಂಡದ ತಟ್ಟೇಲಿ ನೀರು ನಿಲ್ಲಿಸ್ಬೇಡಿ, ಸೊಳ್ಳೆ. ಕೊತ್ತಂಬರಿ ಮೆಂತ್ಯ ಉಳಿಸೋ ಸಾಹಸ ಬೇಡ, ಕಿತ್ತು ದಾರಿಗೆ ಮೆಂತ್ಯ ಚಪಾತಿ ಮಾಡ್ಕೊಳಿ.

ಮೇಲೆ ಕಾಮೆಂಟಲ್ಲಿ ಒಬ್ರು ಮಕ್ಕಳ ಜೊತೆ ಬಸ್ಸಲ್ಲಿ ಬರೋಕಾಗುತ್ತಾ ಅಂತ ಕೇಳಿದಾರೆ. ಟ್ರೇನೇ ವಾಸಿ, ಓಡಾಡೋಕೆ ಜಾಗ ಇರುತ್ತೆ, ಐದು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಸೀಟು ಬೇಡ ಅಂದ್ರೆ ಟಿಕೆಟ್ ಇಲ್ಲ.

ಅಕ್ಕಾ, ಮೈಸೂರಿಗೆ ಬಂದ ದಿನ ಇಲ್ಲೊಂದು ಮೆಸೇಜ್ ಹಾಕಿ. ಹೋದ ತಿಂಗಳು ನೀವು ಕೇಳಿದ್ರಲ್ಲ ಹಳದಿ ಮುದ್ದೆ ದಾಸವಾಳ, ಕಡ್ಡಿ ಕತ್ತರಿಸಿ ಇಡ್ತೀನಿ. ಒದ್ದೆ ಬಟ್ಟೆ, ಒಂದು ಕವರ್ ತನ್ನಿ, ಮಧ್ಯಾಹ್ನ ಮಕ್ಕಳನ್ನ ನಮ್ಮನೇಲೇ ಮಲಗಿಸ್ಬಹುದು.